ಸ್ಪೀಡ್ ಇದ್ರೂ ಲ್ಯಾಗ್ ಯಾಕೆ? ಆನ್‌ಲೈವ್‌ನಿಂದ ಸ್ಟೇಡಿಯಾವರೆಗೆ

ಹಳೇ ಲ್ಯಾಪ್‌ಟಾಪಲ್ಲೂ ದೊಡ್ಡ ದೊಡ್ಡ ಗೇಮ್ ಆಡಬಹುದು ಅಂತ ಜಾಹೀರಾತು ನೋಡಿದ್ರೆ, ಇದೇನೋ ಹೊಸದು ಅನ್ಕೋಬೇಡಿ. ಈ ಮಾತಿಗೆ ಹದಿನೈದು ವರ್ಷ ದಾಟಿದೆ.

2009ರ ಮಾರ್ಚ್, ಸ್ಯಾನ್‌ಫ್ರಾನ್ಸಿಸ್ಕೋ. ಸ್ಟೀವ್ ಪರ್ಲ್‌ಮನ್ ಅನ್ನೋರು ಗೇಮ್ ಡೆವಲಪರ್‌ಗಳ ಸಮ್ಮೇಳನದಲ್ಲಿ 'ಆನ್‌ಲೈವ್' ತೋರಿಸಿದ್ರು. ಗೇಮ್ ಓಡೋದು ದೂರದ ಡೇಟಾ ಸೆಂಟರಲ್ಲಿ. ಮನೆಗೆ ಬರೋದು ಬರೀ ವಿಡಿಯೊ, ಮನೆಯಿಂದ ಹೋಗೋದು ಬರೀ ಬಟನ್ ಒತ್ತಿದ ಸುದ್ದಿ. 2010ರ ಜೂನ್‌ನಲ್ಲಿ ಅಮೆರಿಕದಲ್ಲಿ ಶುರುವೂ ಆಯ್ತು. ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್ ಸಾಕು ಅಂದ್ರು.

ಆದ್ರೆ ನೋಡಿ, ನಿಜವಾದ ತೊಂದರೆ ಎಂಬಿಪಿಎಸ್‌ದಲ್ಲ. ಯೂಟ್ಯೂಬ್ ಮುಂದಿನ ಕೆಲವು ಸೆಕೆಂಡಿನ ವಿಡಿಯೊ ಮೊದಲೇ ತಂದಿಟ್ಕೊಳ್ಳುತ್ತೆ. ಗೇಮಲ್ಲಿ ಅದು ಆಗಲ್ಲ. ನೀವು ಎಡಕ್ಕೆ ಹೋಗ್ತೀರೋ ಬಲಕ್ಕೋ ನಿಮಗೇ ಗೊತ್ತಿಲ್ಲ, ಸರ್ವರ್‌ಗೆ ಹೇಗೆ ಗೊತ್ತಿರುತ್ತೆ? ಸೆಕೆಂಡಿಗೆ 60 ಫ್ರೇಮ್ ಅಂದ್ರೆ ಒಂದು ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡ್. ಫೈಬರಲ್ಲಿ ಬೆಳಕು ಸೆಕೆಂಡಿಗೆ ಹೆಚ್ಚುಕಮ್ಮಿ 2 ಲಕ್ಷ ಕಿ.ಮೀ. ಓಡುತ್ತೆ. ಸರ್ವರ್ 1,600 ಕಿ.ಮೀ. ದೂರ ಇದ್ರೆ ಹೋಗಿ ಬರೋಕೇ 16 ಮಿಲಿಸೆಕೆಂಡ್. ಇನ್ನು ವಿಡಿಯೊ ಕುಗ್ಗಿಸೋದು, ಬಿಚ್ಚೋದು, ರೂಟರ್, ಪಕ್ಕದ ರೂಮಿನ ವೈಫೈ ಎಲ್ಲಾ ಇದರ ಮೇಲೆ. ನೀವು ಎಷ್ಟೇ ದುಬಾರಿ ಪ್ಲಾನ್ ಹಾಕ್ಸಿ, ದೂರ ಕಮ್ಮಿ ಆಗಲ್ಲ ಗುರು.

ದೂರ ಕಮ್ಮಿ ಮಾಡ್ಬೇಕು ಅಂದ್ರೆ ಊರೂರಲ್ಲಿ ಸರ್ವರ್ ಇಡ್ಬೇಕು. ಆಡೋರು ಬಂದ್ರೂ ಬರದಿದ್ರೂ ಆ ಖರ್ಚು ತಪ್ಪಲ್ಲ. ನಮ್ಮ ಕಾಸ್ಟಿಂಗ್ ಪಾಠದ ಫಿಕ್ಸೆಡ್ ಕಾಸ್ಟ್ ಅಂದ್ರೆ ಇದೇ. ಆನ್‌ಲೈವ್ 2012ರಲ್ಲಿ ಕೈ ಬದಲಾಯ್ತು, 2015ರ ಏಪ್ರಿಲ್ 30ಕ್ಕೆ ಮುಚ್ಚಿತು. ಪೇಟೆಂಟ್‌ಗಳನ್ನ ಸೋನಿ ಕೊಂಡುಕೊಂಡಿತು.

2019ರ ನವೆಂಬರಲ್ಲಿ ಗೂಗಲ್ 'ಸ್ಟೇಡಿಯಾ' ತಂತು. ದುಡ್ಡಿಗೇನೂ ಬರ ಇಲ್ಲ, ಡೇಟಾ ಸೆಂಟರ್‌ಗಳೂ ಇದ್ವು. 4ಕೆ ಬೇಕಾದ್ರೆ 35 ಎಂಬಿಪಿಎಸ್ ಅಂದ್ರು. ನೀವೇ ಲೆಕ್ಕ ಹಾಕಿ: ಆ ಸ್ಪೀಡಲ್ಲಿ ಗಂಟೆಗೆ 15.75 ಜಿಬಿ. ಆಗ ಅಮೆರಿಕದ ಹಲವು ಕಡೆ ಕಾಮ್‌ಕಾಸ್ಟ್ ಮನೆ ಇಂಟರ್‌ನೆಟ್‌ಗೆ ತಿಂಗಳಿಗೆ 1 ಟಿಬಿ ಮಿತಿ ಇತ್ತು. ಸುಮಾರು 65 ಗಂಟೆಗೆ ಖಾಲಿ! ಅಪ್ಪ ಅಮ್ಮ ಸಿನಿಮಾ ನೋಡೋದು ಬೇರೆ.

2023ರ ಜನವರಿ 18ಕ್ಕೆ ಅದೂ ಬಂದ್. ಗೇಮ್‌ಗೆ ಕೊಟ್ಟ ದುಡ್ಡನ್ನ ಗೂಗಲ್ ವಾಪಸ್ ಕೊಟ್ಟಿತು, ಅದನ್ನ ಮೆಚ್ಚಬೇಕು. ಅದರ ಕಂಟ್ರೋಲರ್ ಲ್ಯಾಗ್ ಉಳಿಸೋಕೆ ಅಂತ ವೈಫೈ ಮೂಲಕ ನೇರ ಸರ್ವರ್‌ಗೇ ಮಾತಾಡ್ತಿತ್ತು. ಮುಚ್ಚೋ ಹೊತ್ತಿಗೆ ಅದಕ್ಕೆ ಬ್ಲೂಟೂತ್ ತೆರೆದುಕೊಟ್ರು. ಈಗ ಅದೇ ಕಂಟ್ರೋಲರನ್ನ ಮಾಮೂಲಿ ಪಿಸಿಗೆ ಹಾಕ್ಕೊಂಡು ಆಡ್ತಾರೆ.