ಸಿಗರೇಟು ತುಂಡುಗಳ ಸ್ವಚ್ಛತಾ ಅಭಿಯಾನ: ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಕನ್ನಡಿಗರಿಗೊಂದು ಕೈಪಿಡಿ

ರೈಲು ನಿಲ್ದಾಣದ ಹೊರಗಿನ ಬೀಡಾ ಅಂಗಡಿ, ರಿಕ್ಷಾ ತಂಗುದಾಣ, ವಸತಿ ಸೊಸೈಟಿಯ ಗೇಟು - ಇಲ್ಲೆಲ್ಲ ಬಿದ್ದಿರುವ ಸಿಗರೇಟು ತುಂಡುಗಳನ್ನು ನಾವು ದಿನನಿತ್ಯ ದಾಟಿ ನಡೆಯುತ್ತೇವೆ. ಹತ್ತಿಯಂತೆ ಕಾಣುವ ಆ ಫಿಲ್ಟರ್ ವಾಸ್ತವವಾಗಿ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ಅದು ಮಣ್ಣಿನಲ್ಲಿ ಕರಗಲು ವರ್ಷಗಳೇ ಬೇಕು. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಒಂದು ಲೀಟರಿಗೆ ಸುಮಾರು ಒಂದು ತುಂಡಿನಂತೆ ನೆನೆಸಿದ ನೀರಿನಲ್ಲಿ ಬಿಟ್ಟ ಮೀನುಗಳ ಪೈಕಿ ಅರ್ಧದಷ್ಟು ನಾಲ್ಕು ದಿನಗಳಲ್ಲಿ ಸತ್ತವು.

ನಮ್ಮ ಪರಿಸರಕ್ಕೆ ಇದು ದೂರದ ಮಾತಲ್ಲ. ಮಳೆಗಾಲದಲ್ಲಿ ಗಟಾರದ ಕಸವು ಕಲ್ಯಾಣ್-ಡೊಂಬಿವಲಿಗಳಲ್ಲಿ ಉಲ್ಹಾಸ್ ನದಿಯ ಕಡೆಗೂ, ಥಾಣೆ-ನವಿಮುಂಬಯಿಗಳಲ್ಲಿ ಥಾಣೆ ಖಾಡಿಯ ಕಡೆಗೂ ಹರಿದುಹೋಗುತ್ತದೆ. ಈ ಖಾಡಿಯ ಒಂದು ಭಾಗವು 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿತವಾಗಿದ್ದು, 2022ರಲ್ಲಿ ರಾಮ್‌ಸರ್ ಪಟ್ಟಿಗೂ ಸೇರಿದೆ. ಆದುದರಿಂದ ಅಭಿಯಾನಕ್ಕೆ ಮೇ ತಿಂಗಳೇ ಪ್ರಶಸ್ತ; ಮಳೆ ಬಂದ ಮೇಲೆ ಹೆಕ್ಕಲು ತುಂಡುಗಳು ಕೈಗೆ ಸಿಗಲಾರವು.

ಪೂರ್ವಸಿದ್ಧತೆ

ಮೊದಲಿಗೆ ಮಹಾನಗರಪಾಲಿಕೆಯ ವಾರ್ಡ್ ಕಚೇರಿಗೆ ಪತ್ರ ನೀಡಿ, ಸಂಗ್ರಹವಾದ ತುಂಡುಗಳನ್ನು ಯಾರಿಗೆ ಒಪ್ಪಿಸಬೇಕೆಂದು ಖಚಿತಪಡಿಸಿಕೊಳ್ಳಬೇಕು. ರೈಲ್ವೆ ಆವರಣಕ್ಕೆ ಪ್ರತ್ಯೇಕ ಅನುಮತಿ ಅಗತ್ಯ. ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತು ಗಂಟೆ ಅನುಕೂಲಕರ. ನಾಲ್ಕೈದು ಜನರ ತಂಡಕ್ಕೊಂದು ರಸ್ತೆಯಂತೆ ಹಂಚಿಕೊಂಡರೆ ಸಾಕು. ಕೈಗವಸು, ಉದ್ದನೆಯ ಚಿಮಟ, ಮುಚ್ಚಳವಿರುವ ಡಬ್ಬಿಗಳು ಬೇಕು. ತುಂಡುಗಳಲ್ಲಿ ನಿಕೋಟಿನ್ ಉಳಿದಿರುವುದರಿಂದ ಮಕ್ಕಳಿಂದ ಹೆಕ್ಕಿಸಕೂಡದು. ಲೆಕ್ಕ ಬರೆಯುವ, ಫಲಕ ಹಿಡಿಯುವ ಕೆಲಸವನ್ನು ಅವರಿಗೆ ವಹಿಸಬಹುದು.

ಲೆಕ್ಕವನ್ನು ಕಡೆಗಣಿಸಬಾರದು. 1986ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಆರಂಭಗೊಂಡ ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತಾ ಅಭಿಯಾನವು ಹೆಕ್ಕಿದ ಪ್ರತಿಯೊಂದು ವಸ್ತುವನ್ನೂ ಎಣಿಸಿದುದರಿಂದಲೇ, ಬಹುಕಾಲ ಸಿಗರೇಟು ತುಂಡುಗಳೇ ಮೊದಲ ಸ್ಥಾನದಲ್ಲಿದ್ದವೆಂಬುದು ಜಗತ್ತಿಗೆ ತಿಳಿಯಿತು. ಯಾವ ಮೂಲೆಯಲ್ಲಿ ಎಷ್ಟು ಸಿಕ್ಕಿತೆಂಬ ಪಟ್ಟಿಯಿದ್ದರೆ, ಅಲ್ಲೊಂದು ಮರಳಿನ ಡಬ್ಬಿ ಇಡುವಂತೆ ಅಂಗಡಿಯವರನ್ನೂ ಪಾಲಿಕೆಯನ್ನೂ ಕೇಳಬಹುದು.

ವಿಲೇವಾರಿ ಮತ್ತು ಕಾನೂನು

ತುಂಡುಗಳನ್ನು ಸುಡುವುದಾಗಲಿ ಹೂಳುವುದಾಗಲಿ ಸಲ್ಲದು. ಗೊಬ್ಬರವಾಗುವ ಹಸಿಕಸದೊಡನೆ ಬೆರೆಸಲೂ ಬಾರದು. ಒಣಗಿದ ಸ್ಥಿತಿಯಲ್ಲಿ ಪ್ರತ್ಯೇಕವಾಗಿಯೇ ಒಪ್ಪಿಸಬೇಕು. ಇವುಗಳ ವಿಲೇವಾರಿಗೆ ಮಾರ್ಗಸೂಚಿ ರಚಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಆದೇಶಿಸಿತ್ತು. 2003ರ ತಂಬಾಕು ನಿಯಂತ್ರಣ ಕಾಯಿದೆಯು ಶಾಲಾ ಕಾಲೇಜುಗಳಿಂದ ನೂರು ಗಜದೊಳಗೆ ತಂಬಾಕು ಮಾರಾಟವನ್ನು ನಿಷೇಧಿಸುತ್ತದೆ. 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳು ರೈಲು ನಿಲ್ದಾಣ, ಬಸ್ ತಂಗುದಾಣಗಳಲ್ಲೂ ಧೂಮಪಾನವನ್ನು ತಡೆಯುತ್ತವೆ. ಶಾಲೆಯ ಬಳಿ ತುಂಡುಗಳ ರಾಶಿ ಕಂಡರೆ ನಮ್ಮ ಪಟ್ಟಿಯೇ ದೂರಿಗೆ ಆಧಾರವಾಗಬಲ್ಲದು.

ಸೇದುವವರನ್ನು ಹಂಗಿಸುವುದು ಅಭಿಯಾನದ ಉದ್ದೇಶವಾಗಬಾರದು. ಹುಣಸೂರು, ಪಿರಿಯಾಪಟ್ಟಣಗಳ ಹೊಲಗಳಲ್ಲಿ ತಂಬಾಕು ಬೆಳೆದು ಬದುಕುವವರೂ ನಮ್ಮವರೇ, ಸೇದುವವರೂ ನಮ್ಮ ಮನೆಗಳಲ್ಲಿದ್ದಾರೆ. ಅವರನ್ನೂ ಕರೆದು ಕೈಗೊಂದು ಚಿಮಟ ಕೊಡೋಣ. ಹೆಕ್ಕಿದ ಕೈ ಮತ್ತೆ ರಸ್ತೆಗೆ ಎಸೆಯಲು ಹಿಂಜರಿಯುತ್ತದೆ. ಅನ್ನ ನೀಡಿದ ಈ ನೆಲಕ್ಕೆ ಹೊರನಾಡ ಕನ್ನಡಿಗರಾದ ನಾವು ಸಲ್ಲಿಸಬಹುದಾದ ಸರಳ ಸೇವೆಯಿದು.