ನಂಜು, ಒಗ್ಗು, ಪಥ್ಯ: ಉದರಬಾಧೆಯ ನಿರ್ವಹಣೆಯಲ್ಲಿ ಕನ್ನಡ ಜನಪದರ ಆಹಾರ ವಿವೇಕ

ಕನ್ನಡದ ಜಾನಪದ ವೈದ್ಯ ಅಧ್ಯಯನಗಳಲ್ಲಿ ಮದ್ದಿಗೆ ದೊರೆತಷ್ಟು ಸ್ಥಾನ ಪಥ್ಯಕ್ಕೆ ದೊರೆತಿಲ್ಲ. ಬೇರು, ತೊಗಟೆ, ಸೊಪ್ಪುಗಳ ಹೆಸರು, ಅರೆಯುವ ಕ್ರಮ, ಕುಡಿಸುವ ಹೊತ್ತು ಇವೆಲ್ಲ ಶ್ರದ್ಧೆಯಿಂದ ದಾಖಲಾಗಿವೆ. ರೋಗಿ ಏನನ್ನು ಉಣ್ಣಬೇಕು, ಏನನ್ನು ಬಿಡಬೇಕು, ಬಿಟ್ಟದ್ದನ್ನು ಯಾವಾಗ ಮರಳಿ ತೆಗೆದುಕೊಳ್ಳಬೇಕು ಎಂಬ ಭಾಗ ಮಾತ್ರ ‘ಪಥ್ಯ ಮಾಡಬೇಕು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗಿರುತ್ತದೆ. ಮೂಳೆ ಮುರಿತಕ್ಕೆ ಕಟ್ಟುವ ಪಟ್ಟಿನ ವಿಷಯದಲ್ಲಿ ಇದರಿಂದ ಆಗುವ ನಷ್ಟ ಅಲ್ಪ. ವರ್ಷಗಟ್ಟಲೆ ಕಾಡುವ ಹೊಟ್ಟೆ ಉಬ್ಬರ, ಹುಳಿತೇಗು, ಪದೇ ಪದೇ ಮರಳುವ ಭೇದಿ, ಗ್ರಹಣಿ ಮೊದಲಾದ ಬಾಧೆಗಳಲ್ಲಿ ಹಾಗಲ್ಲ. ಅಲ್ಲಿ ಪಥ್ಯವೇ ಚಿಕಿತ್ಸೆ, ಮದ್ದು ಅದರ ಒಂದು ಅಂಗ. ಈ ತಲೆಕೆಳಗಾದ ಸಂಬಂಧವನ್ನು ಗಮನಿಸದೆ ನಡೆಸಿದ ಸಂಗ್ರಹಕಾರ್ಯದಲ್ಲಿ ಜ್ಞಾನದ ಅರ್ಧಭಾಗ ಹೊರಗುಳಿದಿದೆ.

ಗ್ರಂಥಸ್ಥ ಪರಂಪರೆಯಲ್ಲಿ ಈ ವಿಚಾರಕ್ಕೆ ದೀರ್ಘ ಇತಿಹಾಸವಿದೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯ ಗ್ರಹಣಿಯನ್ನು ಕುರಿತದ್ದು. ಜೀರ್ಣಶಕ್ತಿ ಕುಂದಿದವರಿಗೆ ಮಜ್ಜಿಗೆ ಹಿತವೆಂದು ಅದು ವಿಧಿಸುತ್ತದೆ. ಅದೇ ಸಂಹಿತೆಯ ಸೂತ್ರಸ್ಥಾನವು ದೀರ್ಘ ಅಭ್ಯಾಸದಿಂದ ದೇಹಕ್ಕೆ ಹೊಂದಿಕೊಂಡ ಆಹಾರವನ್ನು ‘ಸಾತ್ಮ್ಯ’ವೆಂದು ಗುರುತಿಸಿ, ಅಹಿತವಾದುದನ್ನು ಒಮ್ಮೆಲೇ ಬಿಡದೆ ಪಾಲುಪಾಲಾಗಿ ಬಿಡಬೇಕೆಂದು ಹೇಳುತ್ತದೆ. ಕರ್ನಾಟಕದ ಮಟ್ಟಿಗೆ, ರಾಷ್ಟ್ರಕೂಟರ ಕಾಲದ ಜೈನ ವಿದ್ವಾಂಸ ಉಗ್ರಾದಿತ್ಯನ ಸಂಸ್ಕೃತ ‘ಕಲ್ಯಾಣಕಾರಕ’ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ವೈದ್ಯವನ್ನು ಪ್ರತಿಪಾದಿಸಿತು. ಸು. 1025ರ ಚಾವುಂಡರಾಯನ ‘ಲೋಕೋಪಕಾರ’ ಪಾಕಶಾಸ್ತ್ರವನ್ನೂ ವೈದ್ಯವನ್ನೂ ಒಂದೇ ಹೊದಿಕೆಯೊಳಗೆ ತಂದಿತು. ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ 12ನೆಯ ಶತಮಾನದ್ದು. ಈ ಕೃತಿಗಳನ್ನು ಹೆಸರಿಸುವುದರ ಉದ್ದೇಶ ಜನಪದರ ತಿಳಿವಳಿಕೆ ಇವುಗಳಿಂದಲೇ ಇಳಿದು ಬಂದಿತೆಂದು ಸಾಧಿಸುವುದಲ್ಲ. ಕೊಡುಕೊಳೆ ಎರಡೂ ಕಡೆಯಿಂದ ನಡೆದಿರಬೇಕು. ಹಳ್ಳಿಯ ಅಡುಗೆಮನೆಯ ಪರಿಭಾಷೆಯಂತೂ ಬಹುಪಾಲು ಸ್ವತಂತ್ರವಾದುದು.

ಆ ಪರಿಭಾಷೆಯೇ ಇಲ್ಲಿ ಮುಖ್ಯ ಆಕರ. ಜನಪದರು ಆಹಾರದ ಬಗ್ಗೆ ಎರಡು ಬಗೆಯ ತೀರ್ಮಾನಗಳನ್ನು ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತಾರೆ. ‘ಬದನೆಕಾಯಿ ನಂಜು’ ಎಂಬುದು ಪದಾರ್ಥವನ್ನು ಕುರಿತ ತೀರ್ಮಾನ. ‘ಹಾಲು ಅವಳಿಗೆ ಒಗ್ಗುವುದಿಲ್ಲ’, ‘ಅವನ ಮೈಗೆ ಆಗಿಬರುವುದಿಲ್ಲ’ ಎಂಬುದು ವ್ಯಕ್ತಿಯನ್ನು ಕುರಿತ ತೀರ್ಮಾನ. ಮೊದಲನೆಯದು ಸಮುದಾಯದ ಸಾಮಾನ್ಯ ನಿಯಮ, ಎರಡನೆಯದು ಒಂದು ದೇಹವನ್ನು ಬಹುಕಾಲ ಗಮನಿಸಿ ಕಂಡುಕೊಂಡದ್ದು. ಉಷ್ಣ, ತಂಪು, ವಾಯು ಎಂಬ ವಿಂಗಡಣೆಗಳೂ ಮೊದಲಿನ ಗುಂಪಿಗೆ ಸೇರುತ್ತವೆ. ಆಹಾರದ ಅಸಹಿಷ್ಣುತೆ ಎಂದು ಇಂದಿನ ವೈದ್ಯ ಕರೆಯುವ ಸ್ಥಿತಿಗೆ ಹತ್ತಿರವಾದುದು ‘ಒಗ್ಗದಿರುವಿಕೆ’ಯೇ ಹೊರತು ‘ನಂಜು’ ಅಲ್ಲ. ಈ ಎರಡನ್ನೂ ಬೆರೆಸಿ ಎಲ್ಲವನ್ನೂ ‘ಜನಪದ ನಂಬಿಕೆ’ ಎಂಬ ತಲೆಬರಹದಡಿ ಸೇರಿಸಿದ್ದರಿಂದ, ನಿಜವಾಗಿ ಗಮನಿಕೆಯ ಫಲವಾದದ್ದೂ ನಂಬಿಕೆಯಾಗಿಯೇ ತೋರುವಂತಾಗಿದೆ.

‘ನಂಜು’ ಪದದ ವ್ಯಾಪ್ತಿ ಕುತೂಹಲಕರ. ಮೂಲಾರ್ಥ ವಿಷ, ವಿಷವನ್ನುಂಡ ಶಿವ ನಂಜುಂಡ. ಸು. 1360ರ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಸ್ಥಾವರ, ಜಂಗಮ ವಿಷಗಳನ್ನು ಶಾಸ್ತ್ರೀಯವಾಗಿ ವಿವೇಚಿಸುವ ಕೃತಿ. ಆದರೆ ಆಡುಮಾತಿನ ನಂಜು ಪ್ರಾಣ ತೆಗೆಯುವ ವಿಷವಲ್ಲ. ಗಾಯವನ್ನು ಕೀವಾಗಿಸುವ, ಕಜ್ಜಿಯನ್ನು ಕೆರಳಿಸುವ, ಆರುತ್ತಿರುವ ಹೊಟ್ಟೆಯನ್ನು ಮತ್ತೆ ಕದಡುವ ಗುಣವದು. ಗಟ್ಟಿಮುಟ್ಟಾದವನಿಗೆ ಬದನೆಕಾಯಿ ಪಲ್ಯ ರುಚಿಯೇ. ರೋಗಿಗೆ ಅದು ನಂಜು. ಸು. 1508ರ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿ ಬದನೆಕಾಯಿಯ ಅಡುಗೆಗಳಿಗೆ ವಿಶೇಷ ಮನ್ನಣೆಯಿದೆ. ಅರಮನೆಯ ಪಾಕಶಾಸ್ತ್ರ ಮೆಚ್ಚಿದ್ದನ್ನು ರೋಗಿಯ ಒಲೆ ದೂರವಿಟ್ಟಿತು. ಎರಡರಲ್ಲೂ ವಿರೋಧವಿಲ್ಲ, ಉಣ್ಣುವವರು ಬೇರೆ.

ಮಜ್ಜಿಗೆಯ ವಿಷಯದಲ್ಲಿ ಜನಪದ ವಿವೇಕ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ. ಹಾಲು ಒಗ್ಗದವರಿಗೆ ಕಡೆದು ಬೆಣ್ಣೆ ತೆಗೆದ, ನೀರು ಬೆರೆಸಿದ ಮಜ್ಜಿಗೆ ಕೊಡುವ ರೂಢಿ ನಾಡಿನ ಎಲ್ಲ ಭಾಗಗಳಲ್ಲಿದೆ. ಹೆಪ್ಪಿನ ಸೂಕ್ಷ್ಮಾಣುಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿನ ಒಂದು ಭಾಗವನ್ನು ಆಮ್ಲವಾಗಿ ಪರಿವರ್ತಿಸುತ್ತವೆ. ಉಳಿದುದರ ಪಚನಕ್ಕೂ ಅವು ನೆರವಾಗುತ್ತವೆ. ಮಲೆನಾಡಿನ ತಂಬುಳಿಗಳು ಈ ತಳಹದಿಯ ಮೇಲೆ ಬೆಳೆದ ಪಥ್ಯದ ಅಡುಗೆ. ಒಂದೆಲಗ, ಸಾಂಬಾರಬಳ್ಳಿ, ಶುಂಠಿ, ನೆಲ್ಲಿ, ದಾಳಿಂಬೆಯ ಸಿಪ್ಪೆ ಇವುಗಳಲ್ಲಿ ಒಂದನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ತೆಂಗಿನತುರಿಯೊಡನೆ ಅರೆದು ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಕೊಡಸಿಗೆಯ ಹೂವನ್ನು ಅರಳಿದ ಕಾಲದಲ್ಲಿ ಆಯ್ದು, ಒಣಗಿಸಿ, ಡಬ್ಬಿಯಲ್ಲಿ ತುಂಬಿಟ್ಟು ವರ್ಷವಿಡೀ ಬಳಸುತ್ತಾರೆ. ಸಂಸ್ಕೃತದ ಕುಟಜವೇ ಈ ಕೊಡಸಿಗೆ. ಅದರ ತೊಗಟೆಯಿಂದ ಬೇರ್ಪಡಿಸಿದ ಕೊನೆಸೀನ್ ಎಂಬ ಕ್ಷಾರಕವನ್ನು ಆಧುನಿಕ ವೈದ್ಯವೂ ಒಂದು ಕಾಲಕ್ಕೆ ಆಮಶಂಕೆಗೆ ಬಳಸಿತ್ತು. ತೊಗಟೆಯ ಕಷಾಯ ವೈದ್ಯನ ಕೈಯದು, ಹೂವಿನ ತಂಬುಳಿ ಮನೆಯ ಹೆಂಗಸರದು. ಬಲವಾದ ಮದ್ದನ್ನು ಹೊರಗಿಟ್ಟು ಸೌಮ್ಯವಾದುದನ್ನು ನಿತ್ಯದ ಊಟಕ್ಕೆ ತಂದ ಈ ವಿಭಜನೆಯನ್ನು ಯಾವ ಗ್ರಂಥವೂ ವಿಧಿಸಿದಂತೆ ತೋರುವುದಿಲ್ಲ.

ಮದ್ದು ಮತ್ತು ಪಥ್ಯಗಳ ಜೋಡಣೆಗೆ ತುಳುನಾಡಿನ ಆಟಿ ಅಮಾವಾಸ್ಯೆಯ ಆಚರಣೆ ಉತ್ತಮ ನಿದರ್ಶನ. ಅಂದು ನಸುಕಿನಲ್ಲಿ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಕೆತ್ತಿ ತಂದು ಕಷಾಯ ಮಾಡಿ ಕುಡಿಯುತ್ತಾರೆ. ಅದರ ಉಷ್ಣ ಶಮನಕ್ಕೆಂದು ಮೆಂತೆಯ ಗಂಜಿ ಉಣ್ಣುತ್ತಾರೆ. ಕಷಾಯವನ್ನಷ್ಟೇ ಬರೆದುಕೊಂಡು ಗಂಜಿಯನ್ನು ಬಿಟ್ಟ ದಾಖಲೆ ಆಚರಣೆಯನ್ನು ಅಪೂರ್ಣಗೊಳಿಸುತ್ತದೆ. ಇಲ್ಲಿ ಅಪಾಯವೂ ಇದೆ. ಮರ ಗುರುತಿಸಲು ಅರಿಯದವರು ಕತ್ತಲಲ್ಲಿ ಕಾಸರಕದ ತೊಗಟೆ ತಂದರೆ ಅದು ಮಾರಕ ವಿಷ. ಗುರುತು ಬಲ್ಲ ಹಿರಿಯರು ಕಡಿಮೆಯಾಗುತ್ತಿರುವ ಈ ಹೊತ್ತಿನಲ್ಲಿ ಆಚರಣೆಯನ್ನು ಹಾಡಿಹೊಗಳುವ ಬರೆಹಗಳು ಈ ಎಚ್ಚರಿಕೆಯನ್ನು ಮರೆಯಬಾರದು.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ಈ ಚರ್ಚೆಯಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ. ಆದರೆ ಬಲ್ಲವನಾಗಲು ಆಯ್ಕೆ ಬೇಕು. ತುಪ್ಪ, ತೆಂಗು, ಮಜ್ಜಿಗೆಗಳಿಲ್ಲದ ಮನೆಗಳಲ್ಲಿ ತಂಬುಳಿ ಪಥ್ಯವಾಗಲಾರದು. ಬಯಲುಸೀಮೆಯ ಕೂಲಿಕಾರ ಕುಟುಂಬಗಳಿಗೆ ರಾಗಿಯ ಅಂಬಲಿ ಪಥ್ಯವೂ ಹೌದು, ಹಸಿವಿನ ಊಟವೂ ಹೌದು. ಕನಕದಾಸರ ‘ರಾಮಧಾನ್ಯ ಚರಿತೆ’ ರಾಗಿ ಮತ್ತು ಭತ್ತಗಳ ವಾಗ್ವಾದವನ್ನೇ ವಸ್ತುವಾಗಿಸಿಕೊಂಡದ್ದು ಧಾನ್ಯಗಳಿಗೂ ಅಂತಸ್ತಿನ ಭೇದವಿತ್ತೆಂಬುದಕ್ಕೆ ಸಾಕ್ಷಿ. ಮೊಳಕೆ ಬರಿಸಿ, ಒಣಗಿಸಿ, ಬೀಸಿದ ರಾಗಿಯ ಹಿಟ್ಟನ್ನು ಮಕ್ಕಳಿಗೂ ರೋಗಿಗಳಿಗೂ ಕಾಯಿಸಿ ಕೊಡುವುದು, ಕರಾವಳಿಯಲ್ಲಿ ನೆನೆಸಿ ರುಬ್ಬಿ ಬಟ್ಟೆಯಲ್ಲಿ ಸೋಸಿದ ಹಾಲಿನಿಂದ ಮಣ್ಣಿ ಮಾಡುವುದು, ಇವು ಒರಟು ಧಾನ್ಯವನ್ನು ಸೋತ ಹೊಟ್ಟೆಗೆ ಒಗ್ಗಿಸುವ ತಂತ್ರಗಳು. ಮೊಳಕೆಯಿಂದ ಪಿಷ್ಟ ಸಡಿಲಗೊಂಡು ಗಂಜಿ ತೆಳುವಾಗುತ್ತದೆ. ಸೋಸುವುದರಿಂದ ಸಿಪ್ಪೆಯ ನಾರು ಕಳೆಯುತ್ತದೆ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಬಳಿಕ ಧಾನ್ಯಕ್ಕೆ ಗೌರವ ಬಂದಿತು. ಅದನ್ನು ಹದಗೊಳಿಸುತ್ತಿದ್ದ ಈ ತಂತ್ರಗಳಿಗೆ ಅಷ್ಟೇ ಗೌರವ ಬಂದಿತೆನ್ನಲಾಗದು.

ಪಥ್ಯದ ಇತಿಹಾಸವೆಲ್ಲ ವಿವೇಕದ ಇತಿಹಾಸವೇ ಅಲ್ಲ. ಬಾಣಂತಿಗೆ ನೀರನ್ನೇ ಮಿತಗೊಳಿಸುವುದು, ಭೇದಿಯಾದ ಕೂಸಿಗೆ ಅನ್ನನೀರು ನಿಲ್ಲಿಸುವುದು ಪಥ್ಯದ ಹೆಸರಿನಲ್ಲಿಯೇ ನಡೆದುಬಂದ ಹಾನಿಗಳು. ದೀರ್ಘ ಪಥ್ಯದಿಂದ ಸೊರಗಿದವರಲ್ಲಿ ಹೆಂಗಸರೇ ಹೆಚ್ಚೆಂದು ಊಹಿಸಲು ಕಾರಣಗಳಿವೆ: ‘ನಂಜು’ ಎಂದು ಬಿಡಿಸಿದ ಪದಾರ್ಥಗಳನ್ನು ಮರಳಿ ಕೊಡುವ ಅಧಿಕಾರ ಅವರ ಕೈಯಲ್ಲಿರಲಿಲ್ಲ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವಿಕೆ ಮೊದಲಾದ ಲಕ್ಷಣಗಳು ಕಂಡಾಗ ಪಥ್ಯವನ್ನೇ ನೆಚ್ಚಿ ಕೂರುವುದು ಇಂದು ಅಕ್ಷಮ್ಯ.

ಪಥ್ಯ ಬಿಡುವ ಕ್ರಮ ಇನ್ನೂ ಸೂಕ್ಷ್ಮವಾದುದು. ಮೊದಲು ಉಪ್ಪು ಹಾಕಿದ ಗಂಜಿ, ಬಳಿಕ ಮಜ್ಜಿಗೆ ಅನ್ನ, ಮೆಣಸಿನ ಸಾರು, ಹೆಸರುಬೇಳೆ. ತೊಗರಿ, ಕಡಲೆ, ಅಲಸಂದೆಗಳು ಕೊನೆಗೆ. ಒಂದೊಂದನ್ನೇ ಸೇರಿಸಿ, ಒಂದೆರಡು ದಿನ ನೋಡಿ, ಒಗ್ಗಿದರೆ ಮುಂದಿನದು. ಆಸ್ಟ್ರೇಲಿಯಾದ ಮೋನಾಷ್ ವಿಶ್ವವಿದ್ಯಾಲಯದ ಸಂಶೋಧಕರು 2005ರಿಂದ ರೂಪಿಸಿದ, ಕರುಳಿನಲ್ಲಿ ಹುದುಗುವ ಸಕ್ಕರೆಗಳನ್ನು ಮಿತಗೊಳಿಸುವ ಪಥ್ಯವೂ ಬಿಡಿಸುವುದು, ಒಂದೊಂದಾಗಿ ಮರಳಿ ಕೊಡುವುದು, ವ್ಯಕ್ತಿಗೆ ತಕ್ಕಂತೆ ನಿಲ್ಲಿಸುವುದು ಎಂಬ ಮೂರು ಹಂತಗಳದ್ದೇ. ಬೇಳೆಕಾಳುಗಳೂ ಹಾಲಿನ ಸಕ್ಕರೆಯೂ ಅದರ ವರ್ಜ್ಯಪಟ್ಟಿಯಲ್ಲಿವೆ. ಹೋಲಿಕೆ ಇಷ್ಟಕ್ಕೇ ನಿಲ್ಲಬೇಕು. ಇದೆಲ್ಲ ನಮ್ಮವರಿಗೆ ಮೊದಲೇ ತಿಳಿದಿತ್ತೆಂದು ಬೀಗುವುದು ಸಂಶೋಧನೆಯಲ್ಲ. ರಾಗಿ, ಜೋಳ, ನವಣೆಗಳಲ್ಲಿ ಗ್ಲುಟೆನ್ ಇಲ್ಲವೆಂಬುದು ನಿಜ, ಆದರೆ ಗೋಧಿಗೂ ಸೀಲಿಯಾಕ್ ಕಾಯಿಲೆಗೂ ಇರುವ ಸಂಬಂಧವನ್ನು ಡಚ್ ವೈದ್ಯ ಡಿಕ್ಕೆ ತನ್ನ 1950ರ ಪ್ರಬಂಧದಲ್ಲಿ ಸ್ಥಾಪಿಸುವ ಮುಂಚೆ ಅಂಬಲಿ ಕುಡಿದವರಾರೂ ಅದಕ್ಕಾಗಿ ಕುಡಿದವರಲ್ಲ.

2001ರಲ್ಲಿ ಆರಂಭವಾದ ಭಾರತದ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಮುಖ್ಯವಾಗಿ ಗ್ರಂಥಸ್ಥ ಪದ್ಧತಿಗಳನ್ನು ಆಧರಿಸಿದೆ. 2002ರ ಜೀವವೈವಿಧ್ಯ ಕಾಯ್ದೆಯ ಅನ್ವಯ ಸಿದ್ಧವಾಗುವ ಜನತಾ ಜೀವವೈವಿಧ್ಯ ದಾಖಲಾತಿಗಳ ಗಮನ ಸಸ್ಯ, ಪ್ರಾಣಿಗಳು ಮತ್ತು ಅವುಗಳ ಉಪಯೋಗದ ಕಡೆಗೆ. ತಂಬುಳಿಗಳ ಅಡುಗೆ ಪುಸ್ತಕಗಳು ಅಳತೆಯನ್ನು ಅಚ್ಚುಕಟ್ಟಾಗಿ ಕೊಡುತ್ತವೆ. ಕೊಡಸಿಗೆ ಹೂವಿನ ತಂಬುಳಿಯನ್ನು ಎಷ್ಟು ದಿನ ಉಣಿಸಬೇಕು, ಜೊತೆಗೆ ಯಾವುದನ್ನು ಬಿಡಿಸಬೇಕು, ಯಾರ ಮೈಗೆ ಅದು ಆಗಿಬರದು ಎಂಬುದು ಈ ಮೂರರಲ್ಲಿ ಯಾವುದರ ಅಂಕಣಕ್ಕೂ ಸೇರುವುದಿಲ್ಲ. ಸೊಸೆಗೆ ಅತ್ತೆ ಒಲೆಯ ಬಳಿ ಹೇಳಿಕೊಟ್ಟ ಮಾತಾಗಿ ಅದು ಈಗಲೂ ಕೆಲವು ಮನೆಗಳಲ್ಲಿ ಉಳಿದಿದೆ.