ಅನರ್ಥಕೋಶದ ಅರ್ಥ

ರೇಡಿಯೋ ತಿರುಗಿಸಿದೊಡನೆ ನಿಮ್ಮ ಕಿವಿಗೆ ಬೀಳುವ ಮಾತು ‘ಆಕಾಶವಾಣಿ’. ಪುರಾಣಗಳಲ್ಲಿ ಅದು ಕೇಳಿಸಿತೆಂದರೆ ಯಾರಿಗೋ ಗಂಡಾಂತರ ಕಾದಿದೆಯೆಂದೇ ಲೆಕ್ಕ. ಬೇಕಾದರೆ ಕಂಸನನ್ನು ಕೇಳಿ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರ ತೆರೆದಾಗ ಅದಕ್ಕೆ ಈ ಹೆಸರಾಯಿತು. ಸೂಚಿಸಿದವರು ನಾ. ಕಸ್ತೂರಿಯವರೆಂದು ಪ್ರತೀತಿ. ಕಂಸನ ಎದೆ ನಡುಗಿಸಿದ ಮಾತನ್ನು ಸಂಗೀತಕ್ಕೂ ಪೇಟೆಧಾರಣೆಗೂ ಹೊಂದಿಸಿದ್ದು ಸಣ್ಣ ಕುಚೋದ್ಯವೇನಲ್ಲ! ಮುಂದೆ ದೇಶದ ಪ್ರಸಾರವೆಲ್ಲ ಆ ಹೆಸರನ್ನು ಧರಿಸಿತು; 2023ರಲ್ಲಿ ಅದರ ಜೊತೆಗಿದ್ದ ಇಂಗ್ಲಿಷ್ ಹೆಸರನ್ನೂ ಕೈಬಿಡಲಾಯಿತು.

ಈ ಕಸ್ತೂರಿಯವರು 1897ರಲ್ಲಿ ಕೊಚ್ಚಿಯ ಬಳಿಯ ತೃಪ್ಪುಣಿತ್ತುರದಲ್ಲಿ ಹುಟ್ಟಿದವರು. ಮನೆಮಾತು ಮಲೆಯಾಳ, ಪಾಠ ಹೇಳಿದ್ದು ಇತಿಹಾಸ, ನಗಿಸಿದ್ದು ಕನ್ನಡದಲ್ಲಿ. ನಮ್ಮ ದಾವಣಗೆರೆಗೂ ಅವರಿಗೂ ನಂಟುಂಟು. ಇಲ್ಲಿಯ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದು 1954ರಲ್ಲಿ ನಿವೃತ್ತರಾದರು. 1942ರಲ್ಲಿ ರಾಶಿಯವರು ಆರಂಭಿಸಿದ ‘ಕೊರವಂಜಿ’ಯಲ್ಲಿ ಬರೆದರು. ಅವರ ‘ಅನರ್ಥಕೋಶ’ವನ್ನು ಬಲ್ಲವರು ಈಗಲೂ ಅದನ್ನು ನೆನೆದು ನಗುತ್ತಾರೆ.

ಆ ಹೆಸರನ್ನೇ ಬಿಡಿಸಿ ನೋಡಿ. ಅನರ್ಥವೆಂದರೆ ಅರ್ಥವಿಲ್ಲದ್ದು, ಅನರ್ಥವೆಂದರೆ ಕೇಡು. ಕೋಶವೆಂದರೆ ನಿಘಂಟು. ಆದರೆ ಅರ್ಥವೆಂದರೆ ಹಣವೂ ಹೌದು, ಕೋಶವೆಂದರೆ ಬೊಕ್ಕಸವೂ ಹೌದಷ್ಟೆ! ಹಾಗೆ ನೋಡಿದರೆ ತಿಂಗಳ ಕೊನೆಯ ವಾರದಲ್ಲಿ ಉಪಾಧ್ಯಾಯರೆಲ್ಲರ ಜೇಬೂ ಒಂದೊಂದು ಅನರ್ಥಕೋಶವೇ.

ಸಂಧಿ ಬಿಡಿಸುವುದು ನಮ್ಮಂಥ ಪಂಡಿತರ ಕಸುಬು. ಅದೇ ಕಸುಬನ್ನು ಬೇಕೆಂದೇ ತಪ್ಪಾಗಿ ಮಾಡುವುದು ಕಸ್ತೂರಿಯವರ ದಾರಿ. ಹುಟ್ಟಿನಿಂದ ಕನ್ನಡವಾಡುವವನಿಗೆ ಪದಗಳು ಸವೆದ ನಾಣ್ಯಗಳಂತೆ. ಮುಖ ನೋಡದೆಯೇ ಕೈ ದಾಟಿಸುತ್ತಾನೆ. ಕಲಿತು ಬಂದವನು ತಿರುಗಿಸಿ ಮುರುಗಿಸಿ ನೋಡುತ್ತಾನೆ. ಜರ್ಮನಿಯಿಂದ ಬಂದ ಕಿಟ್ಟೆಲ್ಲರು ಹಾಗೆ ನೋಡಿಯೇ 1894ರಲ್ಲಿ ಕನ್ನಡದ ಅರ್ಥಗಳನ್ನು ಕಲೆಹಾಕಿಕೊಟ್ಟರು. ಅನರ್ಥಗಳನ್ನು ಕಲೆಹಾಕಲು ಕೇರಳದವರೇ ಬರಬೇಕಾಯಿತು.

ಇಂಥ ಚೇಷ್ಟೆಯಿಂದ ಭಾಷೆ ಕೆಡುವುದೆಂದು ಮೂಗು ಮುರಿಯುವವರುಂಟು. ನಾನು ಒಪ್ಪೆ. ಸರಿಯಾದ ಅರ್ಥ ಬಲ್ಲವನಿಗೆ ಮಾತ್ರ ಅನರ್ಥ ನಗೆ ತರುವುದು. ನನಗೆ ಅಂಜಿಕೆಯಿರುವುದು ಬೇರೆ ಕಡೆ. ಈಗ ತರಗತಿಯಲ್ಲಿ ಕೋಶವೆಂದರೆ ಬೊಕ್ಕಸವೆಂದು ಹೇಳಿ, ಬಳಿಕ ಬೊಕ್ಕಸವೆಂದರೇನೆಂದೂ ಹೇಳಬೇಕು. ಅಷ್ಟರಲ್ಲಿ ಗಂಟೆ ಬಾರಿಸಿರುತ್ತದೆ, ನಗುವ ಹೊತ್ತು ಮೀರಿರುತ್ತದೆ. ನಿಘಂಟಿನಲ್ಲಿ ಪದ ಭದ್ರವಾಗಿಯೇ ಇರುತ್ತದೆ, ಪಾಪ! ಅದರ ಮೇಲೆ ಕಟ್ಟಿದ ನಗೆ ಮಾತ್ರ ಸತ್ತಿರುತ್ತದೆ.

ಆದಕಾರಣ ಮಕ್ಕಳನ್ನು ಕೂರಿಸಿಕೊಂಡು ಈ ಆಟವನ್ನು ಮನೆಯಲ್ಲಿಯೇ ಆಡಿ. ಪುಸ್ತಕವೂ ಬೇಡ, ಊರ ಫಲಕಗಳೇ ಸಾಕು. ನಮ್ಮಲ್ಲಿ ‘ದೇವರಾಜ ಅರಸು ಬಡಾವಣೆ’ಯಿದೆ. ಬಡಾವಣೆಯೆಂದರೆ ಊರು ಬೆಳೆದ ಭಾಗ, ಅಷ್ಟೇ. ಆದರೆ ಅನರ್ಥದ ಕಣ್ಣಿಗೆ ಆ ಫಲಕದಲ್ಲಿ ದೇವರಿದ್ದಾನೆ, ರಾಜನಿದ್ದಾನೆ, ಅವನ ಬೆನ್ನಿಗೇ ಅರಸನಿದ್ದಾನೆ, ಕಡೆಯಲ್ಲಿ ಒಬ್ಬ ‘ಬಡ’ವನೂ ನಿಂತಿದ್ದಾನೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರನಿಗೆ ನೆಲ ಕೊಡಿಸಹೊರಟ ಮುಖ್ಯಮಂತ್ರಿಯ ಹೆಸರಿಗೆ ಇದು ಒಪ್ಪುವುದಿಲ್ಲವೆ?

ಹಾಗೆಯೇ ಹರಿಹರದ ಬಸ್ಸು ಹತ್ತಿ. ಅಲ್ಲಿ 1224ರ ಹೊಯ್ಸಳರ ಗುಡಿಯಲ್ಲಿ ನಿಂತವನು ಹರಿ, ಪಕ್ಕದಲ್ಲಿ ತುಂಗಭದ್ರೆಗೆ ನಾವು ಹೇಳುವುದೂ ಹರಿ, ಕಂಡಕ್ಟರು ಟಿಕೇಟಿಗೆ ಮಾಡುವುದೂ ಹರಿ.